ಸಿಬ್ಬಂದಿ ತರಬೇತಿ ಅಂದ್ರೆ ಸಹಿ, ಗ್ರೂಪ್ ಫೋಟೊ ಅಷ್ಟೇನಾ? ಮುಂದಿನ ತಿಂಗಳು ನಾನೇ ನಡೆಸಬೇಕು, ದಾರಿ ಹೇಳಿ

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಅನುದಾನಿತ ಪದವಿ ಕಾಲೇಜೊಂದರಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಊರು, ಕಾಲೇಜು ಹೇಳಲ್ಲ. ಕೆಳಗಿನ ಒಂದೆರಡು ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಾಯಿಸಿದ್ದೀನಿ. ಈ ವರ್ಷ ನನ್ನನ್ನ ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ದೂರು ಸಮಿತಿಗೆ, ನಾವೆಲ್ಲ ಐಸಿಸಿ ಅಂತೀವಲ್ಲ ಅದಕ್ಕೆ, ಹಾಕಿದ್ದಾರೆ. ಜೊತೆಗೆ "ಮುಂದಿನ ತಿಂಗಳು ಸಿಬ್ಬಂದಿಗೆ ಎರಡು ಗಂಟೆ ತರಬೇತಿ ನೀವೇ ಮಾಡಿಬಿಡಿ ಮೇಡಂ" ಅಂದಿದ್ದಾರೆ.

ಹೋದ ವರ್ಷದ ತರಬೇತಿ ನೆನಪಿದೆ. ಸೆಮಿನಾರ್ ಹಾಲ್, ಹಿಂದೆ ಬ್ಯಾನರ್, ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ಸ್ಲೈಡ್, ಬರೀ ಸೆಕ್ಷನ್ ನಂಬರುಗಳು. ಅರ್ಧ ಜನ ತೊಡೆ ಮೇಲೆ ಇಂಟರ್ನಲ್ಸ್ ಪೇಪರ್ ಇಟ್ಕೊಂಡು ತಿದ್ದುತ್ತಿದ್ರು, ಅದರಲ್ಲಿ ನಾನೂ ಒಬ್ಬಳು. ಕೊನೆಗೆ ಹಾಜರಿ ಹಾಳೆಗೆ ಸಹಿ, ಫೋಟೊ. ಕುರ್ಚಿ ಹಾಕಿದ ಅಟೆಂಡರ್‌ಗಳು ಟೀ ಕೊಟ್ಟು ಹೊರಗೆ ಹೋಗಿ ನಿಂತ್ರು.

ಅದಾಗಿ ಎರಡು ತಿಂಗಳಿಗೆ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ರೆಕಾರ್ಡ್ ಬುಕ್ ಎದೆಗವಚಿಕೊಂಡು ನಿಂತಿದ್ಲು. "ಮೇಡಂ, ನನ್ನ ಲ್ಯಾಬ್ ಬ್ಯಾಚ್ ಚೇಂಜ್ ಮಾಡ್ಕೊಡ್ತೀರಾ?" ಅಂದ್ಲು. "ಸೆಮಿಸ್ಟರ್ ಮಧ್ಯದಲ್ಲಿ ಆಗಲ್ಲಮ್ಮ. ಯಾಕೆ?" ಅಂದೆ, ತಲೆ ಎತ್ತದೇನೇ. ರೆಕಾರ್ಡಿನ ದಾರ ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ್ಲು. "ಏನಿಲ್ಲ ಮೇಡಂ, ಸುಮ್ನೆ." ಹೋದಳು. ಆಮೇಲೆ ಲ್ಯಾಬಿಗೆ ಬರೋದು ಬಿಟ್ಟಳು. ಆಮೇಲೆ ಅಪ್ಪನ ಜೊತೆ ಬಂದು ಟಿಸಿ ತಗೊಂಡಳು.

ಟಿಸಿ ಆದ ವಾರಕ್ಕೆ ಗಾಜಿನ ಸಾಮಾನು ತೊಳೆಯೋ ಅಕ್ಕ ನನ್ನ ಹತ್ರ ಬಂದು, "ಆ ಸರ್ ಬ್ಯುರೆಟ್ ಹಿಡಿಯೋದು ತೋರಿಸ್ತೀನಿ ಅಂತ ಆ ಮಗು ಹಿಂದೇನೇ ನಿಂತು ಕೈ ಹಿಡೀತಿದ್ರು ಮೇಡಂ. ದಿನಾ. ನಾನು ಸಿಂಕ್ ಹತ್ರ ನಿಂತು ನೋಡ್ತಿದ್ದೆ. ಯಾರಿಗೆ ಹೇಳ್ಲಿ?" ಅಂದ್ರು.

ಹದಿನಾಲ್ಕು ವರ್ಷ ಪಾಠ ಮಾಡಿದ ನನಗೆ "ಬ್ಯಾಚ್ ಬದಲಾಯಿಸಿ" ಅನ್ನೋದು ದೂರು ಅಂತ ಗೊತ್ತಾಗಲಿಲ್ಲ. ಎಲ್ಲಾ ಗೊತ್ತಿದ್ದ ಅಕ್ಕನಿಗೆ ಹೇಳೋ ಜಾಗ ಗೊತ್ತಿರಲಿಲ್ಲ. ಈ ಎರಡು ಗಂಟೆಯಲ್ಲಿ ಏನು ಮಾಡಿದ್ರೆ ಇನ್ನೊಂದು ಹುಡುಗಿ ಹಾಗೆ ವಾಪಸ್ ಹೋಗಲ್ಲ? ಮಾಡಿ ನೋಡಿದವರು ಹೇಳಿ.

ಬೆಳ್ಳಿಚುಕ್ಕಿ

ಮೊದಲು ಆ ಅಕ್ಕನನ್ನ ಮುಂದಿನ ಸಾಲಲ್ಲಿ ಕೂರಿಸಿ.

ಹೊರಸದಸ್ಯೆ

ನಾನು ವಕೀಲೆ. ಕೆಲವು ಕಾಲೇಜುಗಳ ಸಮಿತಿಯಲ್ಲಿ ಹೊರಗಿನ ಸದಸ್ಯೆ ಆಗಿದ್ದೀನಿ. ಮೊದಲು ಒಂದು ಮಾತು ಸ್ಪಷ್ಟ ಮಾಡ್ಕೊಳ್ಳಿ: ತರಬೇತಿ ಅನ್ನೋದು ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿ ಕೊಡೋದಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸಿಬ್ಬಂದಿಗೆ ಆಗಾಗ ಕಾರ್ಯಾಗಾರ ನಡೆಸೋದು, ಸಮಿತಿ ಸದಸ್ಯರಿಗೆ ಬೇರೆಯಾಗಿ ತರಬೇತಿ ಕೊಡಿಸೋದು ಉದ್ಯೋಗದಾತರ ಕರ್ತವ್ಯ. ಕಾಯ್ದೆ ಪಾಲಿಸದಿದ್ರೆ 50,000 ರೂಪಾಯಿವರೆಗೆ ದಂಡ ಇದೆ. ವಿದ್ಯಾರ್ಥಿಗಳನ್ನೂ ಸೇರಿಸಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ ನಿಯಮಾವಳಿ 2016ರ ಮೇ ತಿಂಗಳಲ್ಲಿ ಬಂತು.

ನಿಮ್ಮ ಹೋದ ವರ್ಷದ ತರಬೇತಿ ಕೆಟ್ಟಿದ್ದು ಎಲ್ಲಿ ಅಂದ್ರೆ, ಎರಡು ಬೇರೆ ಬೇರೆ ತರಬೇತಿಗಳನ್ನ ಕಲಸಿಬಿಟ್ಟಿದ್ದಾರೆ. ವಿಚಾರಣೆ ಹೇಗೆ ಮಾಡಬೇಕು, ಸಾಕ್ಷಿ ಹೇಗೆ ದಾಖಲಿಸಬೇಕು, ವರದಿ ಹೇಗೆ ಬರೀಬೇಕು ಅನ್ನೋದು ಸಮಿತಿಯವರಿಗೆ ಬೇಕು. ಉಳಿದ ಸಿಬ್ಬಂದಿಗೆ ಬೇಕಾಗಿರೋದು ಮೂರೇ: ಕೇಳಿಸ್ಕೊಳ್ಳೋದು, ದಾರಿ ತೋರಿಸೋದು, ಆಮೇಲೆ ಬಾಯಿ ಮುಚ್ಕೊಂಡಿರೋದು.

ಇನ್ನೊಂದು. ಆ ಹುಡುಗಿ ಟಿಸಿ ತಗೊಂಡು ಎಷ್ಟು ದಿನ ಆಯ್ತು?

ತುಂಗಾತೀರ

ಐದು ತಿಂಗಳು ಆಗ್ತಾ ಬಂತು.

ಹೊರಸದಸ್ಯೆ

ಹಾಗಾದ್ರೆ ತರಬೇತಿ ತನಕ ಕಾಯಬೇಡಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ಅಷ್ಟರಲ್ಲಿ ಕೊಡೋಕೆ ಆಗದ ಪರಿಸ್ಥಿತಿ ಇತ್ತು ಅಂತ ಸಮಿತಿಗೆ ಅನಿಸಿದ್ರೆ, ಕಾರಣ ಬರೆದು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಕೊನೆ ಘಟನೆ ಟಿಸಿಗಿಂತ ಮುಂಚೆ ಆಗಿರುತ್ತಲ್ಲ, ಅಂದ್ರೆ ನಿಮ್ಮ ಹತ್ರ ಇರೋದು ಕೆಲವೇ ದಿನ. ಒಂದು ಫೋನ್ ಮಾಡಿ. ದೂರು ಕೊಡು ಅಂತ ಒತ್ತಾಯ ಬೇಡ. ದಾರಿ ಇದೆ, ಇಂಥ ದಿನದವರೆಗೆ ಇದೆ ಅಂತ ತಿಳಿಸಿ, ಅಷ್ಟೇ. ಬರೆಯೋಕೆ ಬರಲ್ಲ, ಆಗಲ್ಲ ಅಂದ್ರೆ ಬರೆದುಕೊಳ್ಳೋಕೆ ಸಹಾಯ ಮಾಡೋದು ಸಮಿತಿಯ ಕೆಲಸ. ಪೊಲೀಸರ ಹತ್ರ ಹೋಗೋದಾದ್ರೆ ಈ ಆರು ತಿಂಗಳ ಲೆಕ್ಕ ಅಲ್ಲಿಲ್ಲ.

ವಿಚಾರಣೆ ಶುರುವಾದ್ರೆ ನೀವು ಸಮಿತಿಯಲ್ಲಿ ಕೂರಬೇಡಿ. ಆ ಹುಡುಗಿ ಮೊದಲು ಬಂದಿದ್ದು ನಿಮ್ಮ ಹತ್ರ, ನೀವೇ ಸಾಕ್ಷಿ ಆಗ್ತೀರಿ.

ಕಲ್ಯಾಣದ ಅಕ್ಕ

ನಾ ಕಲಬುರಗಿ ಕಡಿ ಹುಡುಗ್ಯಾರ ಹಾಸ್ಟೆಲ್ ವಾರ್ಡನ್ ಅದೀನ್ರಿ. ಹನ್ನೊಂದು ವರ್ಷ ಆತು. ಇಷ್ಟು ವರ್ಷದಾಗ ಒಂದು ಹುಡುಗಿ ಸೈತ ಬಂದು "ಲೈಂಗಿಕ ಕಿರುಕುಳ ಆಗ್ಯದ" ಅಂತ ಹೇಳಿಲ್ರಿ. ಅವರು ಹೇಳೋದೇ ಬ್ಯಾರೆ. "ಆ ಸರ್ ಭಾಳ ಚಾಷ್ಟಿ ಮಾಡ್ತಾರ್ರೀ." "ನನಗ ಆ ಕ್ಲಾಸಿಗೆ ಹೋಗಾಕ ಮನಸಿಲ್ರಿ." "ಊರಿಗೆ ಹೋಗಿ ಬರ್ತೀನ್ರಿ, ಹೊಟ್ಟಿ ನೋಯಾಕತ್ತದ." ಒಬ್ಬಾಕಿ ಒಂದು ವಾರ ರಾತ್ರಿ ಊಟಕ್ಕೇ ಬರಲಿಲ್ಲ. ನಾ ಖೋಲಿಗೆ ರೊಟ್ಟಿ ತಗೊಂಡು ಹೋಗಿ ಬಾಜೂಕ ಕುಂತೆ, ಏನೂ ಕೇಳಲಿಲ್ಲ. ಅರ್ಧ ತಾಸು ಆದಮ್ಯಾಲ ಫೋನ್ ತಗದು ಮೆಸೇಜ್ ತೋರಿಸಿದಳು. ಇಂಟರ್ನಲ್ ಮಾರ್ಕ್ಸ್ ಹಾಕೋ ಮನಷಾ ರಾತ್ರಿ ಹನ್ನೆರಡಕ್ಕ ಕಳಿಸಿದ್ದು.

ಅದಕ್ಕ ತರಬೇತಿಯೊಳಗ ಸೆಕ್ಷನ್ ಕಲಿಸೋಕಿಂತ ಮೊದಲ ಹುಡುಗ್ಯಾರ ಮಾತು ಕಲಸ್ರಿ.

ಸಕ್ಕರೆನಾಡು

ಅಕ್ಕ ಹೇಳಿದ್ದು ಲಾಖ್ ಮಾತು. ನಮ್ ಕಡೆ "ಕಾಟ ಕೊಡ್ತಾವ್ನೆ" ಅಂತಾರೆ. ಅದೂ ಹುಡುಗರ ಬಗ್ಗೆ ಮಾತ್ರ. ಮೇಷ್ಟ್ರು ಬಗ್ಗೆ ಆದ್ರೆ "ಆ ಸರ್ ಒಂಥರಾ" ಅಂದು ನಿಲ್ಲಿಸ್ಬಿಡ್ತಾರೆ. ಆ "ಒಂಥರಾ" ಒಳಗೇ ಎಲ್ಲಾ ಇರತ್ತೆ.

ಬೆಳ್ಳಿಚುಕ್ಕಿ

"ಮೈಮೇಲೆ ಬಿದ್ದು ಮಾತಾಡ್ತಾರೆ." "ನೋಡೋ ರೀತಿ ಸರಿ ಇಲ್ಲ." "ಸುಮ್ ಸುಮ್ನೆ ಚೇಂಬರಿಗೆ ಕರೀತಾರೆ." ಇವನ್ನೆಲ್ಲ ಒಂದು ಹಾಳೆಗೆ ಬರೆದು ಎಲ್ಲರ ಕೈಗೆ ಕೊಡಿ ತುಂಗಾತೀರ ಮೇಡಂ.

ಗಣಿತದ ಮೇಷ್ಟ್ರು

ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ, ಇನ್ನೊಂದು ಕಡೆಯನ್ನೂ ಹೇಳ್ತೀನಿ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದ್ದೀನಿ. ಇಂಥ ತರಬೇತಿಗೆ ಹೋದಾಗಲೆಲ್ಲ ಗಂಡಸರನ್ನ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಅನಿಸುತ್ತೆ. ಹೋಗಿ ಬಂದ ಮೇಲೆ ಆಗೋದೇನು? ಹುಡುಗಿಯರಿಗೆ ಡೌಟ್ ಹೇಳಿಕೊಡೋಕೂ ಭಯ. ನನ್ನ ಸಹೋದ್ಯೋಗಿಯೊಬ್ಬರ ಮೇಲೆ ದೂರು ಬಂತು. ಸಮಿತಿಯವರು ಅವರಿಗೆ ದೂರಿನ ಪ್ರತಿ ಕೂಡ ಕೊಡದೆ ಕರೆದು ಬೈದು ಕಳಿಸಿದ್ರು. ಸಂಜೆ ಹೊತ್ತಿಗೆ ಊರಿಗೆಲ್ಲ ಸುದ್ದಿ. ಆಮೇಲೆ ಏನೂ ಸಾಬೀತಾಗಲಿಲ್ಲ. ಅವರ ಮನೆಯವರು ಅನುಭವಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಸುಳ್ಳು ದೂರಿನ ಬಗ್ಗೆ ಯಾರಾದ್ರೂ ತರಬೇತಿ ಕೊಡ್ತಾರಾ?

ಅಲೆಮಾರಿ_88

ಶುರು ಆಯ್ತು ನೋಡಿ, ಸುಳ್ಳು ದೂರು. ಒಂದು ಹುಡುಗಿ ಓದು ಬಿಟ್ಟು ಹೋಗಿರೋ ಚರ್ಚೆಯಲ್ಲಿ ಈ ಮಾತು ಬೇಕಿತ್ತಾ ಸರ್?

ಹೊರಸದಸ್ಯೆ

ಇಲ್ಲ, ಅವರು ಕೇಳಿದ್ದು ಸರಿಯಾಗೇ ಇದೆ. ಉತ್ತರ ಕೊಡ್ತೀನಿ.

ಮೇಷ್ಟ್ರೇ, ನಿಮ್ಮ ಸಹೋದ್ಯೋಗಿಗೆ ಆಗಿದ್ದು ತಪ್ಪು. ದೂರಿನ ಪ್ರತಿ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ಸಾಕ್ಷಿ ತರೋಕೆ ಅವಕಾಶ ಕೊಡಬೇಕು. ಎರಡೂ ಕಡೆಯವರ ಹೆಸರು ಹೊರಗೆ ಹೋಗಬಾರದು ಅಂತ 16ನೇ ಸೆಕ್ಷನ್ ಇದೆ. ಇದೆಲ್ಲ ತಪ್ಪಿದ್ದು ಯಾಕೆ? ಸಮಿತಿಯವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ಅದಕ್ಕೆ.

ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. 2009ರಲ್ಲಿ ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ರು. ಸಮಿತಿ ಅವಸರ ಅವಸರವಾಗಿ ವಿಚಾರಣೆ ಮುಗಿಸಿತು, ಅವರನ್ನ ಕೆಲಸದಿಂದ ತೆಗೆದರು. 2023ರ ಮೇ 12ಕ್ಕೆ ಸುಪ್ರೀಂ ಕೋರ್ಟು ಆ ಕ್ರಮವನ್ನ ರದ್ದು ಮಾಡಿ, ಆರೋಪಿಗೆ ಸರಿಯಾಗಿ ಅವಕಾಶ ಸಿಕ್ಕಿಲ್ಲ ಅಂತ ಮತ್ತೆ ಸಮಿತಿಗೇ ವಾಪಸ್ ಕಳಿಸಿತು. ಹದಿನಾಲ್ಕು ವರ್ಷ! ಆ ಹುಡುಗಿಯರಿಗೂ ನ್ಯಾಯ ಸಿಗಲಿಲ್ಲ, ಆ ಮೇಷ್ಟ್ರಿಗೂ ಸಿಗಲಿಲ್ಲ. ಸಮಿತಿ ಸದಸ್ಯರಿಗೆ ನಿಯಮಿತವಾಗಿ ತರಬೇತಿ ಕೊಡಿ ಅಂತ ಕೋರ್ಟು ಅದೇ ತೀರ್ಪಿನಲ್ಲಿ ನಿರ್ದೇಶನ ಕೊಟ್ಟಿದೆ.

ಸುಳ್ಳು ದೂರಿಗೆ 14ನೇ ಸೆಕ್ಷನ್ ಇದೆ. ಬೇಕಂತಲೇ, ದುರುದ್ದೇಶದಿಂದ ಕೊಟ್ಟಿದ್ದು ಅಂತ ವಿಚಾರಣೆಯಲ್ಲಿ ಗೊತ್ತಾದ್ರೆ ಕ್ರಮ ಆಗುತ್ತೆ. ಆದ್ರೆ ಸಾಬೀತಾಗಲಿಲ್ಲ ಅನ್ನೋದೂ ಸುಳ್ಳು ಅನ್ನೋದೂ ಒಂದೇ ಅಲ್ಲ ಅಂತ ಅದೇ ಸೆಕ್ಷನ್ ಹೇಳುತ್ತೆ. ಲ್ಯಾಬಿನಲ್ಲಿ ಹಿಂದೆ ನಿಂತು ಕೈ ಹಿಡಿದಿದ್ದಕ್ಕೆ ಕಾಗದ ಪತ್ರ ಎಲ್ಲಿಂದ ಬರಬೇಕು?

ಗಣಿತದ ಮೇಷ್ಟ್ರು

ಈ ಪ್ರಕರಣ ನನಗೆ ಗೊತ್ತಿರಲಿಲ್ಲ. ಸಮಿತಿಯವರಿಗೆ ಮೊದಲು ತರಬೇತಿ ಆಗಲಿ ಅನ್ನೋದಾದ್ರೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಅಟೆಂಡರ್ ಮಗ

ಬೆಳ್ಳಿಚುಕ್ಕಿ ಒಂದೇ ಸಾಲಲ್ಲಿ ಹೇಳಿದ್ದನ್ನ ನಾನು ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮಪ್ಪ 31 ವರ್ಷ ಒಂದು ವಿಶ್ವವಿದ್ಯಾಲಯದಲ್ಲಿ ಅಟೆಂಡರ್ ಆಗಿದ್ರು. ವಿಭಾಗದ ಬೀಗದ ಕೈ ಅವರ ಸೊಂಟದಲ್ಲೇ ಇರ್ತಿತ್ತು. ಯಾವ ಚೇಂಬರಿನ ಬಾಗಿಲು ಸಂಜೆ ಆರಾದ್ರೂ ಮುಚ್ಚಿರುತ್ತೆ, ಒಳಗಿಂದ ಯಾರು ಕಣ್ಣೊರೆಸಿಕೊಂಡು ಬರ್ತಾರೆ, ಎಲ್ಲಾ ಅವರಿಗೆ ಗೊತ್ತಿತ್ತು. ಅವರು ಮಾಡ್ತಿದ್ದಿದ್ದು ಒಂದೇ ಕೆಲಸ. ಯಾರಾದ್ರೂ ಹುಡುಗಿ ಒಬ್ಬಳೇ ಆ ಚೇಂಬರಿಗೆ ಹೋದ್ರೆ ಐದು ನಿಮಿಷಕ್ಕೊಂದು ಸಲ ನೀರಿನ ಲೋಟ, ಫೈಲು, ಏನಾದ್ರೂ ಹಿಡ್ಕೊಂಡು ಒಳಗೆ ಹೋಗ್ತಿದ್ರು. "ಬಾಗಿಲು ತೆಗೆದೇ ಇರ್ಲಿ ಸರ್, ಸೆಕೆ" ಅಂತ ಹೇಳಿ ತೆಗೆದಿಟ್ಟು ಬರ್ತಿದ್ರು. ಬೈಸ್ಕೊಂಡಿದ್ದೂ ಇದೆ.

ಯಾವ ತರಬೇತಿಗೂ ಅವರನ್ನ ಕರೀಲಿಲ್ಲ. 31 ವರ್ಷದಲ್ಲಿ ಯಾರೂ ಅವರನ್ನ ಕೇಳ್ಲಿಲ್ಲ. ಹೇಳಿದ್ರೆ ಬೇರೆ ವಿಭಾಗಕ್ಕೆ ಎತ್ತಿ ಹಾಕ್ತಾರೆ ಅನ್ನೋ ಭಯಾನೂ ಇತ್ತು. ಹಾಗಾಗಿ ಅಟೆಂಡರ್‌ಗಳನ್ನ ಕರೆದು ಕೂರಿಸಿದ್ರೆ ಮಾತ್ರ ಸಾಲದು, ಹೇಳಿದ ಮೇಲೆ ಅವರ ಕೆಲಸಕ್ಕೆ ಏನು ರಕ್ಷಣೆ ಅಂತ ಪ್ರಿನ್ಸಿಪಾಲರು ಎಲ್ಲರ ಮುಂದೆ ಹೇಳಬೇಕು.

ಕಲ್ಯಾಣದ ಅಕ್ಕ

ನಿಮ್ಮ ಅಪ್ಪಾರಿಗೆ ನನ್ನ ನಮಸ್ಕಾರ ತಿಳಸ್ರಿ.

ಇತಿಹಾಸದ ವಿದ್ಯಾರ್ಥಿ

ಇಲ್ಲಿ ಒಂದು ಹಳೇ ಸಂಗತಿ ಹೇಳಲೇಬೇಕು. ಈ ಕಾನೂನು ಹುಟ್ಟಿದ್ದು ಯಾರಿಂದ? ರಾಜಸ್ಥಾನದ ಭಟೇರಿ ಹಳ್ಳಿಯ ಭಂವರಿ ದೇವಿ ಸರ್ಕಾರದ ಕಾರ್ಯಕ್ರಮದಲ್ಲಿ ತೀರಾ ಕೆಳಹಂತದ ಕಾರ್ಯಕರ್ತೆ, ಅಲ್ಲಿ "ಸಾಥಿನ್" ಅಂತಾರೆ. ಬಾಲ್ಯವಿವಾಹ ತಡೆಯೋಕೆ ಹೋಗಿದ್ದಕ್ಕೆ 1992ರಲ್ಲಿ ಆಕೆ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು. ಕೆಲಸ ಮಾಡೋ ಹೆಣ್ಣಿಗೆ ರಕ್ಷಣೆ ಎಲ್ಲಿ ಅಂತ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದಾಗ 1997ರಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋಕೆ ಮಾರ್ಗಸೂಚಿ ಕೊಟ್ಟ ವಿಶಾಖಾ ತೀರ್ಪು ಬಂತು. ಆಮೇಲೆ 2013ರ ಕಾಯ್ದೆ. ನಮ್ಮ ಅಂಗನವಾಡಿ, ಆಶಾ ಕಾರ್ಯಕರ್ತೆಯರಂಥ ಒಬ್ಬ ಹೆಣ್ಣುಮಗಳಿಂದ ಬಂದ ಕಾನೂನು ಇದು. ಅದರ ತರಬೇತಿಯಲ್ಲಿ ಗ್ರೂಪ್ ಡಿ ನೌಕರರಿಗೇ ಕುರ್ಚಿ ಇಲ್ಲ ಅನ್ನೋದು ನನಗಂತೂ ಸಹಿಸೋಕೆ ಆಗಲ್ಲ.

ಸಕ್ಕರೆನಾಡು

ಸೆಕ್ಯೂರಿಟಿಯವರು ಹೊರಗುತ್ತಿಗೆ, ಏಜೆನ್ಸಿಯವರು. ಅವರಿಗೂ ಈ ಕಾನೂನು ಬರತ್ತಾ?

ಹೊರಸದಸ್ಯೆ

ಬರುತ್ತೆ. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆ, ಏಜೆನ್ಸಿ ಮೂಲಕ ಬಂದವರು, ತರಬೇತಿಗೆ ಬಂದವರು, ಎಲ್ಲರೂ "ಉದ್ಯೋಗಿ" ಅನ್ನೋದರೊಳಗೆ ಸೇರ್ತಾರೆ.

ಅತಿಥಿ

ಕಾಗದದಲ್ಲಿ ಸೇರ್ತೀವಿ ಮೇಡಂ. ನಾನು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಕೌನ್ಸೆಲಿಂಗ್ ಕಾದು, ವರ್ಕ್‌ಲೋಡ್ ಸಿಕ್ಕರೆ ಕೆಲಸ. ನನಗೇ ಒಬ್ಬರಿಂದ ತೊಂದರೆ ಆದಾಗ ನಾನೇ ಬಾಯಿ ಬಿಡಲಿಲ್ಲ. ಹಾಗಿರುವಾಗ ವಿದ್ಯಾರ್ಥಿನಿ ಬಂದು ಅತ್ತರೆ ನಾನು ಯಾವ ಧೈರ್ಯದಲ್ಲಿ "ಹೋಗು, ದೂರು ಕೊಡು" ಅಂತ ಹೇಳಲಿ? ಆದ್ರೂ ಹುಡುಗಿಯರು ನಮ್ಮ ಹತ್ರಾನೇ ಬರ್ತಾರೆ. ವಯಸ್ಸಲ್ಲಿ ಹತ್ತಿರ ಇರ್ತೀವಿ, ಅಕ್ಕ ಅಂತ ಕರೀತಾರೆ. ನಮ್ಮನ್ನ ತರಬೇತಿಗೆ ಕರೀರಿ, ಅದಕ್ಕಾಗಿ ಆ ದಿನದ ಪೀರಿಯಡ್ ಸಂಬಳ ಕತ್ತರಿಸಬೇಡಿ.

ತುಂಗಾತೀರ

ಇದು ನನಗೆ ಹೊಳೆದೇ ಇರಲಿಲ್ಲ. ಬರೆದಿಟ್ಕೊಂಡೆ. ಪ್ರಿನ್ಸಿಪಾಲರ ಹತ್ರ ಲಿಖಿತವಾಗಿ ಕೇಳ್ತೀನಿ.

ಮೆಲ್ಬರ್ನ್ ಮಲ್ಲಿಗೆ

ಮೈಸೂರಿನವಳು, ಒಂಬತ್ತು ವರ್ಷದಿಂದ ಆಸ್ಟ್ರೇಲಿಯಾದಲ್ಲಿ ವಿಶ್ವವಿದ್ಯಾಲಯವೊಂದರ ಆಡಳಿತ ವಿಭಾಗದಲ್ಲಿ ಕೆಲಸ. ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಯಾರೂ ತಿಳ್ಕೋಬೇಡಿ. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಲೈಂಗಿಕ ಕಿರುಕುಳ ಆಗಿದೆ ಅಂದವರು ಆರರಲ್ಲಿ ಒಬ್ಬರು, ಲೈಂಗಿಕ ಹಲ್ಲೆ ಆಗಿದೆ ಅಂದವರು ಇಪ್ಪತ್ತರಲ್ಲಿ ಒಬ್ಬರು. ವಿದ್ಯಾರ್ಥಿ ಸಂಘಟನೆಗಳು ವರ್ಷಗಟ್ಟಲೆ ಜಗಳ ಆಡಿದ ಮೇಲೆ ಈಗ ರಾಷ್ಟ್ರೀಯ ಸಂಹಿತೆಯೊಂದು ಬಂದಿದೆ, 2026ರ ಜನವರಿ 1ರಿಂದ ಜಾರಿ. ಸಿಬ್ಬಂದಿ ತರಬೇತಿ ಅದರಲ್ಲಿ ಕಡ್ಡಾಯ.

ಮೊದಲು ನಮಗೂ ಆನ್‌ಲೈನ್ ತರಬೇತಿ ಇತ್ತು. ಅನ್ನಕ್ಕಿಟ್ಟು ಕೂತರೆ ಕುಕ್ಕರ್ ಮೂರು ಸೀಟಿ ಹೊಡೆಯೋದರೊಳಗೆ ಕ್ಲಿಕ್ ಮಾಡಿ ಮುಗಿಸ್ತಿದ್ದೆ. ಒಂದಕ್ಷರ ನೆನಪಿಲ್ಲ. ಆಮೇಲೆ ಎದುರಾಬದುರು ಕೂರಿಸಿ ಅರ್ಧ ದಿನ ಮಾಡಿದ್ರು. ಒಬ್ಬರು ವಿದ್ಯಾರ್ಥಿ ಥರ ಬಂದು ಹೇಳಬೇಕು, ಇನ್ನೊಬ್ಬರು ಕೇಳಬೇಕು. ನಾನು ಕೇಳೋಳು. ಅವರು ಎರಡು ಮಾತು ಹೇಳೋ ಅಷ್ಟರಲ್ಲಿ ನನ್ನ ಬಾಯಿಂದ "ಆಗ ನೀನು ಯಾಕೆ ಎದ್ದು ಬರಲಿಲ್ಲ?" ಅಂತ ಬಂದೇಬಿಡ್ತು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಮ್ಮ ಮನೆಗಳಲ್ಲಿ ಕೇಳೋದೇ ಹಾಗೆ. ಎದುರಿಗಿದ್ದವರು ತಕ್ಷಣ ಮಾತು ನಿಲ್ಲಿಸಿ ಕೆಳಗೆ ನೋಡಿದ್ರು. ನಾಟಕ ಅಂತ ಗೊತ್ತಿದ್ರೂ ನನಗೆ ಎದೆ ಧಸಕ್ ಅಂತು. ಮಾಡಿಸೋದಾದ್ರೆ ಅದನ್ನ ಮಾಡಿಸಿ.

ರಂಗಕರ್ಮಿ_ಸಾಗರ

ಅದು ನಮ್ಮ ಕೆಲಸ! ನಾನು ಶಾಲಾ ಕಾಲೇಜುಗಳಲ್ಲಿ ರಂಗ ಶಿಬಿರ ಮಾಡಿಸ್ತೀನಿ. ಎರಡು ಗಂಟೆಗೆ ಇಷ್ಟು ಸಾಕು. ಇಬ್ಬಿಬ್ಬರನ್ನ ಕೂರಿಸಿ. ಒಬ್ಬರ ಕೈಗೆ ಚೀಟಿ: "ಬ್ಯಾಚ್ ಬದಲಾಯಿಸಿ." ಅಥವಾ "ಹಾಸ್ಟೆಲ್ ಬಿಡ್ತೀನಿ." ಅಥವಾ "ಬಸ್ಸಿನ ಅಣ್ಣ ಫೋನ್ ನಂಬರ್ ಕೇಳ್ತಾನೆ." ಇನ್ನೊಬ್ಬರು ಉತ್ತರ ಕೊಡಬೇಕು, ಒಂದೇ ನಿಬಂಧನೆ, "ಯಾಕೆ" ಅನ್ನೋ ಪದ ಬಳಸಬಾರದು. ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತೆ. ಐದು ನಿಮಿಷ ಆದ ಮೇಲೆ ಅದಲು ಬದಲು. ಪ್ರೊಫೆಸರ್ ಎದುರಿಗೆ ಅಟೆಂಡರ್ ಕೂತಿರಲಿ, ಬೇಕಂತಲೇ ಹಾಗೆ ಜೋಡಿ ಮಾಡಿ.

ಸಂಶೋಧಕಿ

ಮೂರು ವರ್ಷದಿಂದ ಪಿಎಚ್‌ಡಿ ಮಾಡ್ತಿದ್ದೀನಿ, ಈ ಖಾತೆ ಇವತ್ತೇ ತೆರೆದೆ. ಪದವಿ ಹುಡುಗಿಯರಿಗೆ ಬ್ಯಾಚ್ ಬದಲಾಯಿಸಬಹುದು. ನಮಗೆ ಗೈಡ್ ಬದಲಾಯಿಸೋದು ಅಂದ್ರೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡ ಹಾಗೆ. ಪ್ರಗತಿ ವರದಿಗೆ ಅವರ ಸಹಿ, ಫೆಲೋಶಿಪ್ ಬಿಲ್ಲಿಗೆ ಅವರ ಸಹಿ, ಥೀಸಿಸ್ ಸಲ್ಲಿಸೋಕೆ ಅವರ ಸಹಿ. "ಚಾಪ್ಟರ್ ತಗೊಂಡು ಮನೆಗೆ ಬಾ, ಮನೇಲಿ ಯಾರೂ ಇರಲ್ಲ, ಆರಾಮಾಗಿ ಕೂತು ನೋಡೋಣ" ಅಂದ್ರು. ವಿಭಾಗದ ಕಚೇರಿಯಲ್ಲಿ ನಾನು ನಂಬಿದ್ದ ಒಬ್ಬರಿಗೆ ಹೇಳಿದೆ. ಅವರು ಅಮ್ಮನ ವಯಸ್ಸಿನವರು. ಪ್ರೀತಿಯಿಂದಾನೇ ಹೇಳಿದ್ರು, "ಇನ್ನೊಂದೇ ವರ್ಷ ಕಣೇ, ಅಡ್ಜಸ್ಟ್ ಮಾಡ್ಕೋ. ಯಾರ ಹತ್ರಾನೂ ಹೇಳ್ಬೇಡ, ನಿನ್ನ ಹೆಸರೇ ಹಾಳಾಗೋದು."

ಗೈಡ್ ಮಾತಿಗಿಂತ ಆ ಮಾತು ನನ್ನನ್ನ ಹೆಚ್ಚು ಕುಗ್ಗಿಸಿತು. ಅವರಿಗೆ ಯಾರಾದ್ರೂ ಹೇಳಿಕೊಡಿ.

ಹೊರಸದಸ್ಯೆ

ಸಂಶೋಧಕಿ, ಇಲ್ಲಿ ಹೇಳಿಕೊಂಡಿದ್ದು ಒಳ್ಳೇದಾಯ್ತು. ಯುಜಿಸಿ ನಿಯಮದಲ್ಲಿ ನಿಮಗೆ ನೇರ ಉಪಯೋಗಕ್ಕೆ ಬರೋದು ಒಂದಿದೆ. ದೂರು ಕೊಟ್ಟಮೇಲೆ ವಿಚಾರಣೆ ಮುಗಿಯೋವರೆಗೆ, ಆರೋಪಿ ನಿಮ್ಮ ಕೆಲಸ, ಪರೀಕ್ಷೆ ಯಾವುದನ್ನೂ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಮಧ್ಯಂತರ ಪರಿಹಾರ ಅಂತ ಲಿಖಿತವಾಗಿ ಕೇಳಿ. ಮೆಸೇಜುಗಳಿದ್ರೆ ಅಳಿಸಬೇಡಿ. ನಿಮಗೆ ಒಪ್ಪಿಗೆ ಇದ್ರೆ ನನಗೆ ಖಾಸಗಿ ಸಂದೇಶ ಕಳಿಸಿ, ಶುಲ್ಕ ಇಲ್ಲ.

ಅಲೆಮಾರಿ_88

ನಮ್ಮ ಕಾಲೇಜಲ್ಲಿ ಐಸಿಸಿಗೆ ಪ್ರಿನ್ಸಿಪಾಲರೇ ಅಧ್ಯಕ್ಷರು. ಅವರ ಮೇಲೇ ದೂರು ಇದ್ರೆ?

ಹೊರಸದಸ್ಯೆ

ಅದು ಯುಜಿಸಿ ನಿಯಮಕ್ಕೆ ವಿರುದ್ಧ. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥ ದೊಡ್ಡ ಆಡಳಿತ ಹುದ್ದೆಯಲ್ಲಿರೋರು ಸಮಿತಿಯಲ್ಲಿ ಇರಬಾರದು. ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕಿ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದ್ರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು, ಅವರು ಚುನಾಯಿತರಾಗಿ ಬಂದವರಾಗಿರಬೇಕು.

ದಿಲ್ಲಿ ಕನ್ನಡಿಗ

ಚುನಾಯಿತರು ಅಂದಾಗ ನೆನಪಾಯ್ತು. ಜೆಎನ್‌ಯುನಲ್ಲಿ 1999ರಿಂದ ಜಿಎಸ್‌ಕ್ಯಾಶ್ ಅಂತ ಲೈಂಗಿಕ ಕಿರುಕುಳದ ದೂರು ಕೇಳೋ ಒಂದು ಸಮಿತಿ ಇತ್ತು, ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ಎಲ್ಲರೂ ತಮ್ಮ ಪ್ರತಿನಿಧಿಗಳನ್ನ ಚುನಾಯಿಸಿ ಕಳಿಸ್ತಿದ್ರು. 2017ರಲ್ಲಿ ಅದನ್ನ ತೆಗೆದು ಐಸಿಸಿ ತಂದ್ರು, ದೊಡ್ಡ ವಿರೋಧ ಆಯ್ತು. ನಾನು ಅಲ್ಲಿದ್ದಾಗ ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಆ ಸಮಿತಿಯ ಬಗ್ಗೆ ತಿಳಿಸ್ತಿದ್ರು. ತಾವೇ ವೋಟು ಹಾಕಿದವರ ಹತ್ರ ಹೋಗೋಕೆ ಹುಡುಗಿಯರು ಹಿಂಜರಿಯಲ್ಲ, ಅದು ನಾನು ನೋಡಿದ ಸತ್ಯ.

ಶಿರಸಿ ಹುಡುಗ

ಹುಡುಗರಿಗೆ ಆದ್ರೆ ಯಾರಿಗೆ ಹೇಳೋದು? ನಮ್ಮ ಹಾಸ್ಟೆಲಲ್ಲಿ ಒಬ್ಬ ಮೃದು ಸ್ವಭಾವದ ಹುಡುಗನಿಗೆ ಸೀನಿಯರ್‌ಗಳು ಮಾಡಿದ್ದನ್ನ ಇಲ್ಲಿ ಬರೆಯೋಕೆ ಆಗಲ್ಲ. ವಾರ್ಡನ್‌ಗೆ ಹೇಳಿದ್ರೆ "ಗಂಡಸಾಗು" ಅಂದ್ರು.

ಹೊರಸದಸ್ಯೆ

2013ರ ಕಾಯ್ದೆ ಮಹಿಳೆಯರಿಗೆ ಮಾತ್ರ. ಆದ್ರೆ ಯುಜಿಸಿ ನಿಯಮ ಗಂಡು ವಿದ್ಯಾರ್ಥಿಗಳನ್ನೂ ತೃತೀಯ ಲಿಂಗಿ ವಿದ್ಯಾರ್ಥಿಗಳನ್ನೂ ಹೆಸರಿಸಿ ಹೇಳುತ್ತೆ, ಅವರೂ ಇಂಥ ಹಿಂಸೆಗೆ ಒಳಗಾಗಬಹುದು ಅಂತ. ಹಾಗಾಗಿ ದೂರು ತಗೊಳ್ಳಲೇಬೇಕು. ರ‍್ಯಾಗಿಂಗ್ ವಿರೋಧಿ ಸಮಿತಿಗೂ ಕೊಡಬಹುದು. ತುಂಗಾತೀರ, ನಿಮ್ಮ ಚೀಟಿಗಳಲ್ಲಿ ಒಂದು ಹುಡುಗನದ್ದೂ ಇರಲಿ.

ನಕ್ಷತ್ರ_ಬಳ್ಳಾರಿ

ನಾನು ಟ್ರಾನ್ಸ್ ಮಹಿಳೆ, ಬಿ.ಎ. ಓದ್ತಿದ್ದೀನಿ. ಅಟೆಂಡೆನ್ಸ್ ಕೂಗುವಾಗ ನನ್ನ ಹಳೇ ಹೆಸರನ್ನ ಮೂರು ಸಲ ಜೋರಾಗಿ ಕೂಗ್ತಾರೆ, ಕ್ಲಾಸೆಲ್ಲ ನಗುತ್ತೆ. ಇದೂ ಹಿಂಸೆಯೇ. ಇದನ್ನೂ ತರಬೇತಿಗೆ ಸೇರಿಸಿ ಮೇಡಂ.

ತುಂಗಾತೀರ

ಖಂಡಿತ ಸೇರಿಸ್ತೀನಿ ಕಣಮ್ಮ.

ಊರ ಹಿರಿಯ

ನಾನೊಂದು ಹೇಳ್ತೀನಿ. ಹುಡುಗಿಯರ ಹಾಸ್ಟೆಲ್ ಆರೂವರೆಗೆ ಬಾಗಿಲು ಹಾಕಿದ್ರೆ ಅರ್ಧ ಸಮಸ್ಯೆ ಹೋಗುತ್ತೆ. ನಮ್ಮ ಕಾಲದಲ್ಲಿ ಹಾಗೇ ಇತ್ತು.

ಕಲ್ಯಾಣದ ಅಕ್ಕ

ಯಜಮಾನ್ರ, ಮೇಲೆ ಓದೀರೇನು? ಲ್ಯಾಬಿನ್ಯಾಗ ಆಗಿದ್ದು ಹಗಲಿನಾಗ. ಚೇಂಬರಿನ್ಯಾಗ ಆಗಿದ್ದು ಹಗಲಿನಾಗ. ನಾನೂ ಮೊದಲ ಆರೂವರಿಗೆ ಕೀಲಿ ಹಾಕ್ತಿದ್ದೆ. ಒಂದಿನ ಬಸ್ ತಪ್ಪಿ ಲೇಟಾಗಿ ಬಂದ ಹುಡುಗಿ ಬೈಸ್ಕೊಳೋ ಅಂಜಿಕಿಗೆ ಗೇಟಿನ ಹೊರಗ ಕತ್ತಲಾಗ ಮುಕ್ಕಾಲು ತಾಸು ನಿಂತಿದ್ದಳು. ಅವತ್ತಿನಿಂದ ಗೇಟು ತಗದು ಒಳಗ ಕರಕೊಂಡ ಮ್ಯಾಲೇ ಮಾತು.

ಬೆಳ್ಳಿಚುಕ್ಕಿ

ಹೊರಗಿಂದ ಬರೋ ಅಪಾಯಾನೂ ಇದೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯನ್ನ ಚಾಕುವಿನಿಂದ ಇರಿದು ಕೊಂದಿದ್ದನ್ನ ಯಾರು ಮರೀತಾರೆ. ಹಿಂದೆ ಬೀಳೋದನ್ನ ನಾವು "ಲವ್ ಮ್ಯಾಟರ್" ಅಂತ ಪಕ್ಕಕ್ಕೆ ತಳ್ತೀವಿ. ಐಪಿಸಿ 354ಡಿ ಅಡಿ ಅದು ಅಪರಾಧ.

ಹೊರಸದಸ್ಯೆ

ಚಿಕ್ಕ ತಿದ್ದುಪಡಿ: 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ. ಹಿಂಬಾಲಿಸೋದು ಈಗ 78ನೇ ಸೆಕ್ಷನ್, ಲೈಂಗಿಕ ಕಿರುಕುಳ 75. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಇವೆರಡು ನಂಬರ್ ಸೆಕ್ಯೂರಿಟಿ ಕೋಣೆಯ ಗೋಡೆ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆಸಿ.

ನಿರ್ವಾಹಕರು

ಹುಬ್ಬಳ್ಳಿ ಪ್ರಕರಣದ ಬಗ್ಗೆ ಜಾತಿ, ಧರ್ಮ ಎಳೆದು ತಂದ ನಾಲ್ಕು ಪ್ರತಿಕ್ರಿಯೆಗಳನ್ನ ತೆಗೆದಿದ್ದೇವೆ. ಹಾಸ್ಟೆಲ್ ಸಮಯದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ತರಬೇತಿಯ ವಿಷಯ ಮಾತ್ರ.

ಅತಿಥಿ

ಒಂದು ಪ್ರಶ್ನೆ. ಹುಡುಗಿ "ಯಾರಿಗೂ ಹೇಳ್ಬೇಡಿ ಅಕ್ಕ" ಅಂತ ಆಣೆ ಹಾಕಿಸಿಕೊಂಡ್ರೆ? ಅವಳ ಇಷ್ಟದಂತೆ ನಡೀಬೇಕು ಅಲ್ವಾ?

ಹೊರಸದಸ್ಯೆ

ಹದಿನೆಂಟು ದಾಟಿದವಳಾದ್ರೆ ಬಹುಪಾಲು ಹೌದು, ನಿರ್ಧಾರ ಅವಳದ್ದು. ಆದ್ರೆ ಮೊದಲ ವರ್ಷದ ಪದವಿಯಲ್ಲಿ ಹದಿನೇಳರ ಹುಡುಗಿಯರು ಎಷ್ಟೋ ಜನ ಇರ್ತಾರೆ. ಅವರಿಗೆ ಪೋಕ್ಸೊ, ಅಂದ್ರೆ ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ರಕ್ಷಿಸೋ ಕಾಯ್ದೆ, ಅನ್ವಯ. ಲೈಂಗಿಕ ಅಪರಾಧ ಅಂತ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ರೆ ಅದೇ ಅಪರಾಧ. ಇದು ಸಿಬ್ಬಂದಿಗೆ ಗೊತ್ತೇ ಇರಲ್ಲ.

ಹಾಗಾಗಿ ಆಣೆಗೆ ಒಪ್ಪಬೇಡಿ. "ಸ್ಟಾಫ್ ರೂಮಲ್ಲಿ ಯಾರಿಗೂ ಹೇಳಲ್ಲ. ಹೇಳಲೇಬೇಕಾದ ಕಡೆ ಹೇಳೋದಾದ್ರೆ ನಿನಗೆ ಮೊದಲು ಹೇಳಿ ಆಮೇಲೆ ಹೇಳ್ತೀನಿ" ಅನ್ನಿ. ಇನ್ನೊಂದು ಮಾತು ಬೇಡವೇ ಬೇಡ: "ಇರು, ನಾನೇ ಆ ಸರ್ ಹತ್ರ ಮಾತಾಡಿ ಬಗೆಹರಿಸ್ತೀನಿ." ಒಳ್ಳೆ ಮನಸ್ಸಿನವರೇ ಹೆಚ್ಚಾಗಿ ಮಾಡೋ ಅನಾಹುತ ಇದು. ಆ ಕ್ಷಣದಿಂದ ಆರೋಪಿ ಎಚ್ಚರ ಆಗ್ತಾನೆ, ಹುಡುಗಿ ಒಂಟಿ ಆಗ್ತಾಳೆ.

ಗಣಿತದ ಮೇಷ್ಟ್ರು

ನಾನು ಹಾಗೆ ಮಾಡಿದ್ದೀನಿ. ಒಂದು ಸಲ. ಒಳ್ಳೇದೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ತುಂಗಾತೀರ ಮೇಡಂ, ತರಬೇತಿಯಲ್ಲಿ ಇದನ್ನ ಹೇಳೋಕೆ ಒಬ್ಬ ಗಂಡು ಮೇಷ್ಟ್ರು ಬೇಕಿದ್ರೆ ನಾನು ಬರ್ತೀನಿ.

ತುಂಗಾತೀರ

ಮೂರು ವಾರ ಆಯ್ತು, ಉತ್ತರಿಸೋಕೆ ತಡವಾಯ್ತು. ತರಬೇತಿ ಮುಗೀತು. ಎರಡು ಗಂಟೆ ಸಾಲಲಿಲ್ಲ, ಮೂರೂವರೆ ಆಯ್ತು, ಯಾರೂ ಎದ್ದು ಹೋಗಲಿಲ್ಲ. ಸ್ಲೈಡ್ ಹಾಕಲಿಲ್ಲ. ಅಟೆಂಡರ್, ಗುಮಾಸ್ತರು, ಗ್ರಂಥಾಲಯದವರು, ಸೆಕ್ಯೂರಿಟಿ ಇಬ್ಬರು, ಅತಿಥಿ ಉಪನ್ಯಾಸಕರು ಎಲ್ಲರೂ ಗುಂಡಾಗಿ ಕೂತ್ವಿ. ಹೇಳಿದವರ ಕೆಲಸಕ್ಕೆ ತೊಂದರೆ ಮಾಡಲ್ಲ ಅಂತ ಪ್ರಿನ್ಸಿಪಾಲರು ಸಹಿ ಹಾಕಿದ ಸುತ್ತೋಲೆಯನ್ನ ಎಲ್ಲರೆದುರಿಗೆ ಓದಿದ್ರು. ಗಣಿತದ ಮೇಷ್ಟ್ರು ಇನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದು ತಮ್ಮ ಕಥೆ ಹೇಳಿದ್ರು. ಅವರು ಹೇಳಿ ಮುಗಿಸಿದಾಗ ಹಾಲ್ ಪೂರ್ತಿ ಮೌನ.

ಚೀಟಿ ಆಟದಲ್ಲಿ ನಮ್ಮ ಹಿರಿಯ ಪ್ರಾಧ್ಯಾಪಕರೊಬ್ಬರ ಎದುರಿಗೆ ಗಾಜಿನ ಸಾಮಾನು ತೊಳೆಯೋ ಅಕ್ಕ ಕೂತಿದ್ರು. ಪ್ರಾಧ್ಯಾಪಕರು ಚೀಟಿ ನೋಡಿ ವಿದ್ಯಾರ್ಥಿನಿ ಥರ "ನನ್ನ ಬ್ಯಾಚ್ ಬದಲಾಯಿಸಿ" ಅಂದ್ರು. ಅಕ್ಕ ಏನೂ ಕೇಳಲಿಲ್ಲ. ತಮ್ಮ ಕುರ್ಚಿ ಸ್ವಲ್ಪ ಹತ್ತಿರ ಎಳ್ಕೊಂಡು, "ಕೂತ್ಕೋ ಮಗಾ. ನೀರು ಕುಡೀತೀಯಾ?" ಅಂದ್ರು. ಆಮೇಲೆ, "ನಿಂಗೆ ಹೇಳ್ಬೇಕು ಅನ್ಸಿದಾಗ ಹೇಳು, ನಾನು ಇಲ್ಲೇ ಇರ್ತೀನಿ." ಪ್ರಾಧ್ಯಾಪಕರಿಗೆ ಮುಂದೆ ಮಾತು ಬರಲಿಲ್ಲ. ಆ ಎರಡು ಸಾಲನ್ನೇ ಅಚ್ಚು ಹಾಕಿಸಿ ಎಲ್ಲಾ ವಿಭಾಗಗಳಲ್ಲೂ ಅಂಟಿಸಿದ್ದೀವಿ, ಕೆಳಗೆ ಸಮಿತಿಯವರ ಫೋನ್ ನಂಬರ್.

ಅಟೆಂಡರ್ ಮಗ

ಇದನ್ನ ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದ್ರು.

ಬೆಳ್ಳಿಚುಕ್ಕಿ

ಆ ಹುಡುಗಿಗೆ ಫೋನ್ ಮಾಡಿದ್ರಾ ಮೇಡಂ?

ತುಂಗಾತೀರ

ಹೊರಸದಸ್ಯೆ ಹೇಳಿದ ರಾತ್ರಿಯೇ ಮಾಡಿದೆ. ಅವತ್ತು ತಲೆ ಎತ್ತಿ ನೋಡದೆ ಕಳಿಸಿದ್ದಕ್ಕೆ ಕ್ಷಮೆ ಕೇಳಿದೆ. ಯಾವ ದಿನಾಂಕದವರೆಗೆ ದಾರಿ ಇದೆ ಅಂತ ಹೇಳಿದೆ. ತುಂಬಾ ಹೊತ್ತು ಸುಮ್ನಿದ್ಲು. ಆಮೇಲೆ "ಸಿಂಕ್ ಹತ್ರ ಇರ್ತಿದ್ರಲ್ಲ, ಆ ಅಕ್ಕ ಇನ್ನೂ ಇದ್ದಾರಾ ಮೇಡಂ?" ಅಂತ ಕೇಳಿದ್ಲು.

ಇದರ ಮುಂದಿನದನ್ನ ನಾನು ಇಲ್ಲಿ ಬರೆಯೋ ಹಾಗಿಲ್ಲ. ನಾನು ಸಮಿತಿಯಿಂದ ಸದ್ಯಕ್ಕೆ ಹೊರಗಿದ್ದೀನಿ.

ಹೊರಸದಸ್ಯೆ

ಸರಿ. ಯಾರೂ ಇನ್ನು ಆ ಬಗ್ಗೆ ಅವರನ್ನ ಕೇಳಬೇಡಿ.

ಸಕ್ಕರೆನಾಡು

ಚೀಟಿಗಳ ಪಟ್ಟಿ ಇಲ್ಲಿ ಹಾಕ್ತೀರಾ ಮೇಡಂ? ನಮ್ಮ ಕಾಲೇಜಿನ ಬಸ್ ಡ್ರೈವರ್‌ಗಳಿಗೆ ಈ ಶನಿವಾರ ಮಧ್ಯಾಹ್ನ ಟ್ರಿಪ್ ಇಲ್ಲ, ಅವತ್ತು ಕೂರಿಸ್ತೀನಿ.